ಕ್ವೀನ್ಸಿನ ಜೂನ್ ತಿಂಗಳು

ನ್ಯೂಯಾರ್ಕ್ ಎಂದೊಡನೆ ಮ್ಯಾನ್‌ಹಟನ್ನಿನ ಮುಗಿಲು ಮುಟ್ಟುವ ಸೌಧಗಳು ಕಣ್ಣೆದುರು ನಿಲ್ಲುತ್ತವೆ. ಆದರೆ ಹೊರದೇಶಗಳಿಂದ ವಿಮಾನದಲ್ಲಿ ಬರುವ ಬಹುಮಂದಿಯ ಪಾದ ಮೊದಲು ಸೋಕುವುದು ಅದೇ ನಗರದ ಕ್ವೀನ್ಸ್ ಎಂಬ ಭಾಗವನ್ನು. ಜಮೈಕಾ ಕೊಲ್ಲಿಯ ದಡದ ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣ ಇರುವುದು ಇಲ್ಲಿಯೇ. ಜೂನ್ ತಿಂಗಳಲ್ಲಿ ಅಲ್ಲಿಯ ತಪಾಸಣೆಯ ಸಾಲುಗಳಲ್ಲಿ ಒಂದು ಬಗೆಯ ಪಯಣಿಗರು ಸುಲಭವಾಗಿ ಗುರುತಿಗೆ ಸಿಗುತ್ತಾರೆ. ಮೂವತ್ತರ ಆಸುಪಾಸಿನ ವಯಸ್ಸು, ಕೈಚೀಲದಲ್ಲಿ ಸ್ಟೆಥಾಸ್ಕೋಪು, ಎದೆಗವಚಿಕೊಂಡ ಕಾಗದಗಳ ಕಟ್ಟು. ತಮ್ಮ ನಾಡಿನಲ್ಲಿ ವೈದ್ಯ ಪದವಿ ಪಡೆದು, ‘ರೆಸಿಡೆನ್ಸಿ’ ಎಂಬ ಉನ್ನತ ತರಬೇತಿಗಾಗಿ ಬಂದವರು ಇವರು. ಕರ್ನಾಟಕದ ಕಾಲೇಜುಗಳಲ್ಲಿ ಕಲಿತವರೂ ಇವರಲ್ಲಿ ಉಂಟು.

ರೆಸಿಡೆಂಟ್ ಎಂದರೆ ವಾಸವಾಗಿರುವವನು. 1889ರಲ್ಲಿ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮೊದಲಾದವರು ಈ ಪದ್ಧತಿಯನ್ನು ಬೇರೂರಿಸಿದಾಗ, ತರುಣ ವೈದ್ಯರು ಆಸ್ಪತ್ರೆಯಲ್ಲಿಯೇ ಬಿಡಾರ ಹೂಡುತ್ತಿದ್ದರು. ಇಂದು ಬಿಡಾರ ಹೊರಗೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ. ಈ ತರಬೇತಿಯ ವರ್ಷ ಸಾಮಾನ್ಯವಾಗಿ ಜುಲೈ 1ರಂದು ಮೊದಲಾಗುತ್ತದೆ. ಜೂನ್ 30ಕ್ಕೆ ಹಳಬರು ಹೊರಟುಬಿಡುತ್ತಾರೆ. ಮರುದಿನ ಬೆಳಗ್ಗೆ ಹೊಸಬರು ಅವರ ಸ್ಥಾನದಲ್ಲಿ ನಿಂತಿರಬೇಕು. ಒಬ್ಬರು ಬಾರದೆ ಹೋದರೆ ಅವರ ರಾತ್ರಿಯ ಪಾಳಿ ಇನ್ನೊಬ್ಬರ ಹೆಗಲೇರುತ್ತದೆ.

ಯಾವ ಊರಿನ ಯಾವ ಆಸ್ಪತ್ರೆ ಎಂಬುದು ತಿಳಿಯುವುದು ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ. ಅಲ್ಲಿಂದ ಜುಲೈ 1ಕ್ಕೆ ನೂರು ದಿನಗಳಿಗಿಂತ ತುಸು ಹೆಚ್ಚು ಅವಧಿ. ಅಷ್ಟರೊಳಗೆ ಕರಾರು, ಪತ್ರಗಳು, ವೀಸಾ, ಪಯಣ, ಮನೆ ಎಲ್ಲವೂ ಮುಗಿಯಬೇಕು.

ಹೆಚ್ಚಿನವರು ಬರುವುದು ಜೆ-1 ಎಂಬ ವೀಸಾದ ಮೇಲೆ. ವಿದೇಶೀ ವೈದ್ಯರ ಅರ್ಹತೆಯನ್ನು ಪರಿಶೀಲಿಸುವ ಫಿಲಡೆಲ್ಫಿಯಾದ ಸಂಸ್ಥೆಯೇ ಇವರಿಗೆ ಪ್ರಾಯೋಜಕ. ಇಂಥ ತರಬೇತಿ ಪಡೆದವರು ತಾಯ್ನಾಡಿಗೆ ಬೇಕಾಗಿದ್ದಾರೆಂದು ದೆಹಲಿಯ ಆರೋಗ್ಯ ಮಂತ್ರಾಲಯ ಪತ್ರ ನೀಡಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬುದು ನಿಯಮ. ವೈದ್ಯರ ಕೊರತೆಯುಳ್ಳ ಅಮೆರಿಕದ ಸೀಮೆಗಳಲ್ಲಿ ಮೂರು ವರ್ಷ ದುಡಿಯಲು ಒಪ್ಪಿದವರಿಗೆ ಇದರಿಂದ ವಿನಾಯಿತಿ ದೊರೆಯುವುದುಂಟು. ಇನ್ನು ಕೆಲವರನ್ನು ಆಸ್ಪತ್ರೆಗಳೇ ಎಚ್-1ಬಿ ವೀಸಾದ ಮೇಲೆ ಕರೆಸಿಕೊಳ್ಳುತ್ತವೆ. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಇಂಥ ಹೊಸ ಅರ್ಜಿಗಳ ಮೇಲೆ 1,00,000 ಡಾಲರು ವಿಧಿಸುವ ಘೋಷಣೆ ಹೊರಟಾಗ, ಆ ದಾರಿ ಬಹಳವೇ ಕಿರಿದಾಯಿತು.

ಎರಡು ದಾರಿಗಳಿಗೂ ಕಾಲದ ಗಡಿಯೊಂದಿದೆ. ಜೆ-1ರವರು ತಮ್ಮ ಪತ್ರದಲ್ಲಿ ನಮೂದಾದ ಆರಂಭದ ದಿನಕ್ಕೆ 30 ದಿನಗಳಿಗಿಂತ ಮೊದಲು ದೇಶವನ್ನು ಪ್ರವೇಶಿಸುವಂತಿಲ್ಲ. ಎಚ್-1ಬಿಯವರಿಗೆ ಕೇವಲ 10 ದಿನ. ಆರಂಭ ಜುಲೈ 1 ಎಂದಿದ್ದರೆ ಮೊದಲಿನವರಿಗೆ ಜೂನ್ 1ರಂದು, ಎರಡನೆಯವರಿಗೆ ಜೂನ್ 21ರಂದು ಬಾಗಿಲು ತೆರೆಯುತ್ತದೆ. ಪಾಸ್‌ಪೋರ್ಟಿನಲ್ಲಿ ವೀಸಾ ಮೊದಲೇ ಅಂಟಿಸಿದ್ದರೂ ಅಷ್ಟರಿಂದಲೇ ಒಳಗೆ ಬಿಡುವುದಿಲ್ಲ. ಅಧಿಕಾರಿಯ ಕಣ್ಣು ಹೋಗುವುದು ಪತ್ರದ ತಾರೀಖಿನ ಮೇಲೆ. ಬಂದ ಬಳಿಕವೂ ಆ ದಿನ ಬರುವ ತನಕ ಕೆಲಸ ಮಾಡಲಾಗದು. ಹೊಸಬರ ಪರಿಚಯ ತರಗತಿಗಳನ್ನು ಜೂನ್ ನಡುವಿನಲ್ಲಿಯೇ ಆರಂಭಿಸುವ ಆಸ್ಪತ್ರೆಗಳಿವೆ. ಅಂಥಲ್ಲಿ ಪತ್ರದ ತಾರೀಖನ್ನೂ ಅದಕ್ಕೆ ತಕ್ಕಂತೆ ಮುಂಚಿತವಾಗಿ ಹಾಕಿಸಿಕೊಳ್ಳದಿದ್ದರೆ ಪೇಚಾಟ ತಪ್ಪಿದ್ದಲ್ಲ.

ಬೇಗ ಬಂದವರಿಗೆ ಬಾಗಿಲು ಮುಚ್ಚಿದೆ. ತಡವಾದವರ ಪಾಡು ಇನ್ನೂ ಕಠಿಣ. 2025ರಲ್ಲಿ ಇದು ಅನೇಕರ ಅನುಭವಕ್ಕೆ ಬಂದಿತು. ಆ ವರ್ಷ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಅಮೆರಿಕದ ಕಾನ್ಸುಲೇಟಿನ ಉದ್ಘಾಟನೆಯಾಗಿದ್ದರೂ ಅಲ್ಲಿ ಆರಂಭಕ್ಕೆ ವೀಸಾ ನೀಡುವ ಏರ್ಪಾಡಿರಲಿಲ್ಲ. ಆದ್ದರಿಂದ ಎಂದಿನಂತೆ ಚೆನ್ನೈಯ ಜೆಮಿನಿ ವೃತ್ತದ ಬಳಿಯ ಕಚೇರಿಯತ್ತ ನೋಡುತ್ತಿದ್ದವರು ಬಹಳ ಮಂದಿ. ಅಷ್ಟರಲ್ಲಿ ಮೇ 27ರಂದು, ಜಗತ್ತಿನೆಲ್ಲೆಡೆ ಜೆ ವೀಸಾದ ಹೊಸ ಸಂದರ್ಶನಗಳಿಗೆ ದಿನ ಗೊತ್ತುಮಾಡುವುದನ್ನು ವಾಷಿಂಗ್ಟನ್ ನಿಲ್ಲಿಸಿತು. ತಡೆ ತೆರವಾದದ್ದು ಜೂನ್ 18ರಂದು. ವೈದ್ಯರಿಗೆ ಆದ್ಯತೆ ನೀಡಬೇಕೆಂಬ ಸೂಚನೆಯೇನೋ ಇತ್ತು. ಆದರೆ ಜುಲೈ 1ಕ್ಕೆ ಉಳಿದಿದ್ದುದು ಹದಿಮೂರೇ ದಿನ. ವರ್ಷಗಟ್ಟಲೆ ಓದಿ ಗಳಿಸಿದ ಸ್ಥಾನ, ಮನೆಯವರು ಹೊಂದಿಸಿಕೊಟ್ಟ ಹಣ, ಎಲ್ಲವೂ ಆ ಹದಿಮೂರು ದಿನಗಳ ಎಳೆಯಲ್ಲಿ ತೂಗಿದವು. ಆಸ್ಪತ್ರೆಗಳು ಕೆಲವು ದಿನ ಕಾದಾವು, ಕೊನೆಯಿಲ್ಲದೆ ಕಾಯಲಾರವು.

ಸಕಾಲಕ್ಕೆ ಬಂದವರನ್ನು ಕ್ವೀನ್ಸ್ ತನ್ನದೇ ರೀತಿಯಲ್ಲಿ ಬರಮಾಡಿಕೊಳ್ಳುತ್ತದೆ. ನಿಲ್ದಾಣದಿಂದ ಜಮೈಕಾಕ್ಕೆ ಬಂದು ರೈಲು ಹಿಡಿದರೆ ಜಾಕ್ಸನ್ ಹೈಟ್ಸ್. ರೂಸ್‌ವೆಲ್ಟ್ ಅವೆನ್ಯೂ ರಸ್ತೆಯ ನೆತ್ತಿಯ ಮೇಲೆ ಉಕ್ಕಿನ ಕಂಬಗಳು ಹೊತ್ತ ರೈಲು ಗುಡುಗುತ್ತದೆ. ಕೆಳಗೆ, 74ನೆಯ ಬೀದಿಯಲ್ಲಿ, ಸೀರೆಯಂಗಡಿ, ಚಿನ್ನದಂಗಡಿ, ಬೇಳೆಕಾಳಿನ ಮಳಿಗೆ. ಬಾಡಿಗೆಗೆ ಮನೆ ಹುಡುಕುವುದೇ ಮೊದಲ ಪರೀಕ್ಷೆ. 2019ರ ಕಾನೂನಿನ ಪ್ರಕಾರ ಇಲ್ಲಿ ಠೇವಣಿ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಮುಂಗಡವನ್ನು ಕಂಡವರಿಗೆ ಇದು ಅಚ್ಚರಿಯೇ ಸರಿ. ಆದರೆ ಮನೆಯೊಡೆಯರು ಕೇಳುವ ಸಾಲದ ಚರಿತ್ರೆ, ಸಂಬಳದ ಚೀಟಿಗಳು ನಿನ್ನೆ ಇಳಿದವರಲ್ಲಿ ಎಲ್ಲಿಂದ ಬರಬೇಕು? ಮೂವತ್ತು ದಿನಕ್ಕೂ ಹತ್ತು ದಿನಕ್ಕೂ ಇರುವ ಅಂತರ ಅರಿವಿಗೆ ಬರುವುದು ಇಂಥಲ್ಲಿ.

ಅಲ್ಲಿಂದ ನಡೆದು ತಲುಪುವಷ್ಟು ದೂರದಲ್ಲಿ ಎಲ್ಮ್‌ಹರ್ಸ್ಟ್ ಆಸ್ಪತ್ರೆ. ಇದು ನಗರದ ಸಾರ್ವಜನಿಕ ಆಸ್ಪತ್ರೆ. ನೂರಾರು ಭಾಷೆಗಳ ಬಡಜನರ ಆಸರೆ. 2020ರ ಮಾರ್ಚ್ ತಿಂಗಳಿನಲ್ಲಿ, ಕೋವಿಡ್ ನಗರವನ್ನು ಕಂಗೆಡಿಸಿದಾಗ, ಇದರ ಮುಂದೆ ನಿಂತ ರೋಗಿಗಳ ಸಾಲನ್ನು ಲೋಕವೇ ಕಂಡಿತು. ಅಂದು ಒಳಗೆ ದುಡಿದ ರೆಸಿಡೆಂಟರಲ್ಲಿ ಹೊರನಾಡಿನವರು ಅನೇಕರು. ಅದೇ ತಿಂಗಳು ಕಾನ್ಸುಲೇಟುಗಳ ನಿತ್ಯದ ವೀಸಾ ಸೇವೆ ನಿಂತುಹೋಗಿತ್ತು. ಕೆಲವೇ ದಿನಗಳಲ್ಲಿ, ವೈದ್ಯರು ಮಾತ್ರ ಅರ್ಜಿಯೊಡನೆ ಬರಬಹುದೆಂಬ ಕರೆ ಹೊರಟಿತು. ಬಾಗಿಲ ಹೊರಗೆ ನಿಂತವರು ಯಾರಿಗೆ ಬೇಕಾದವರೆಂಬುದು ಆಗ ಸ್ಪಷ್ಟವಾಯಿತು.

ಮನೆ ಸಿಕ್ಕಿದ ಮೇಲೆ ಕೆಲವರು ಫ್ಲಷಿಂಗಿನ ಬೌನ್ ಬೀದಿಗೆ ಹೋಗುವುದುಂಟು. 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿಯ ದೇಗುಲ ಅಲ್ಲಿದೆ; ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ ದೊರೆಯುತ್ತದೆ. ವಿಘ್ನನಿವಾರಕನಿಗೆ ಒಂದು ನಮಸ್ಕಾರ, ಬಳಿಕ ಒಂದು ದೋಸೆ.

ಜೂನ್ 30ರ ರಾತ್ರಿ ಕಾಗದಗಳ ಕಟ್ಟು ಪೆಟ್ಟಿಗೆಯ ತಳ ಸೇರುತ್ತದೆ. ಬಿಳಿಯ ಕೋಟು ಬಾಗಿಲಿನ ಮೊಳೆಯಲ್ಲಿ ತೂಗುತ್ತದೆ. ಮರುದಿನ ಕ್ವೀನ್ಸಿನಲ್ಲಿ ಬೆಳಗಿನ ಏಳು ಹೊಡೆದಾಗ ಮೈಸೂರಿನಲ್ಲಿ ಸಂಜೆಯ ನಾಲ್ಕೂವರೆ. ಅಲ್ಲಿ ತಾಯಿಯೊಬ್ಬಳು ಕಾಫಿಗೆ ನೀರಿಟ್ಟು ಗಡಿಯಾರವನ್ನು ನೋಡುತ್ತಾಳೆ. ಇಲ್ಲಿ ಹೊಸ ವೈದ್ಯೆ ಮೊದಲ ರೋಗಿಯ ಮಂಚದ ಬಳಿ ನಿಂತು, ತನ್ನ ಹೆಸರು ಹೇಳಿ, ಎಲ್ಲಿ ನೋವೆಂದು ಕೇಳುತ್ತಾಳೆ.