ಬಿಂದು ಅಂದುಕೊಂಡ ಊರು

ಲೆಕ್ಕದ ಮಾಸ್ತರನ ಲೆಕ್ಕ ತಪ್ಪಿದರೆ ಮಕ್ಕಳು ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗುತ್ತಾರೆ. ನನ್ನದು ತಪ್ಪಿದ್ದು ಸ್ವಂತ ಮಗಳ ಮುಂದೆ. ಅವಳು ನಗಲೂ ಇಲ್ಲ.

2025ರ ಫೆಬ್ರುವರಿ 2, ಭಾನುವಾರ. ಹೈದರಾಬಾದಿನ ರಾಮೋಜಿ ಫಿಲಂ ಸಿಟಿಯಲ್ಲಿ ಎಡ್ ಶೀರನ್ ಹಾಡುವವನಿದ್ದ. ಬೆಂಗಳೂರಿನಲ್ಲೂ 8 ಮತ್ತು 9ರಂದು ಇತ್ತು. ಆದರೆ ಕಲಬುರಗಿಯವರಿಗೆ ಹೈದರಾಬಾದು ಹಿತ್ತಲಿದ್ದ ಹಾಗೆ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಜವಳಿಗೂ ಅಲ್ಲಿಗೇ. ಎರಡು ಟಿಕೆಟ್ ತೆಗೆದೆ.

ಮಗಳು ತಿಂಗಳುಗಟ್ಟಲೆ ತಯಾರಾದಳು. ಬಿಳಿ ಟೀ ಶರ್ಟಿನ ಮೇಲೆ ತಾನೇ ಬಣ್ಣದಲ್ಲಿ ಐದು ಚಿಹ್ನೆ ಬರೆದುಕೊಂಡಳು: ಕೂಡು, ಗುಣಿಸು, ಭಾಗಿಸು, ಸಮ, ಕಳೆ. ನನ್ನ ಪಾಠ ಕೊನೆಗೂ ತಲೆಗೆ ಹತ್ತಿತೆಂದು ಹಿಗ್ಗಿದೆ. ಆಮೇಲೆ ತಿಳಿಯಿತು, ಅವು ಆ ಗಾಯಕನ ಆಲ್ಬಮ್ಮುಗಳ ಹೆಸರು. 2011ರಲ್ಲಿ ಕೂಡು, 2014ರಲ್ಲಿ ಗುಣಿಸು, 2017ರಲ್ಲಿ ಭಾಗಿಸು, 2021ರಲ್ಲಿ ಸಮ, 2023ರಲ್ಲಿ ಕಳೆ. ಇಡೀ ಪ್ರವಾಸಕ್ಕೇ ಗಣಿತ ಅಂತ ಹೆಸರಿಟ್ಟಿದ್ದಾನೆ ಪುಣ್ಯಾತ್ಮ.

ಅವಳಿಗೆ ನೋಡಬೇಕಿದ್ದುದು ಒಂದೇ. ಅವನು ವೇದಿಕೆಯ ಮೇಲೆ ಬಹುಪಾಲು ಒಬ್ಬನೇ ನಿಲ್ಲುತ್ತಾನೆ. ಗಿಟಾರಿನ ಹೊಟ್ಟೆಗೆ ಅಂಗೈಯಿಂದ ಬಡಿಯುತ್ತಾನೆ. ಕಾಲ ಕೆಳಗಿನ ಯಂತ್ರ ಆ ಪೆಟ್ಟನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ತಂತಿ, ತಂತಿಯ ಮೇಲೆ ದನಿ, ದನಿಯ ಮೇಲೆ ಇನ್ನೊಂದು ದನಿ. ಭಜನೆ ಮೇಳದಲ್ಲಿ ದಮ್ಮಡಿ, ತಾಳ, ಏಕತಾರಿ ಎಲ್ಲಕ್ಕೂ ಒಬ್ಬನೇ ಆದ ಹಾಗೆ. ‘ಮೊದಲನೇ ಪೆಟ್ಟು ನೋಡ್ಬೇಕು ಪಪ್ಪಾ, ಆಮ್ಯಾಲಿಂದು ಯೂಟ್ಯೂಬಿನಾಗೂ ಸಿಗ್ತದ’ ಅಂದಿದ್ದಳು.

ನನ್ನ ತಯಾರಿಯೇ ಬೇರೆ. ಜೋಳದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು, ಗುಳಿಗೆ, ಟಾರ್ಚು. ನಮ್ಮ ಮನೆ ಇರುವುದು ಸೇಡಂ ರಸ್ತೆಯಲ್ಲಿ. 2023ರಲ್ಲಿ ಅದೇ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ನಡೆದಾಗ ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋಗಿ ಹಿಂದೆ ನಿಂತು ಕೇಳಿದವನು ನಾನು. ಸಭೆ ಸಮಾರಂಭವೆಂದರೆ ಅತಿಥಿಗಳು ಬರಬೇಕು, ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ಆಮೇಲೆ ಹಾಡು. ಐವತ್ತು ವರ್ಷದಿಂದ ಕಂಡದ್ದು ಇದೇ.

‘ಮುಂಜಾನಿ ಎಂಟಕ್ಕ ಬಿಡೋಣು’ ಅಂದಳು. ‘ಲೆಕ್ಕದ ಮಾಸ್ತರಗ ಟೈಮಿನ ಲೆಕ್ಕ ಹೇಳ್ಕೊಡ್ತೀ ಏನು?’ ಅಂದೆ. ಹೈದರಾಬಾದು ಸುಮಾರು 220 ಕಿ.ಮೀ., ಗಂಟೆಗೆ 55ರಂತೆ ನಾಲ್ಕು ತಾಸು. ಹನ್ನೊಂದೂವರೆಗೆ ಬಿಟ್ಟೆವು.

ಸೇಡಂ ಕಡೆಯಿಂದಲೂ ದಾರಿಯಿದೆ, ಮನೆ ಮುಂದಿನದೇ. ನಾನು ಹುಮನಾಬಾದ್ ದಾರಿ ಹಿಡಿದದ್ದು ಕಮಲಾಪುರದಲ್ಲಿ ಅಕ್ಕನ ಮನೆಯಿದೆ ಅಂತ. ಐದು ನಿಮಿಷ ಅಂತ ಇಳಿದೆ. ‘ಊಟದ ಹೊತ್ತಿಗಿ ಬಂದು ಹಾಂಗೇ ಹೋದ್ರ ಹ್ಯಾಂಗೋ ತಮ್ಮಾ?’ ಅಂದಳು ಅಕ್ಕ. ಎಣಗಾಯಿ ಪಲ್ಯದ ವಾಸನೆ ಬರುತ್ತಿತ್ತು. ಮಗಳು ಕಾರಿನಿಂದ ಇಳಿಯಲೇ ಇಲ್ಲ. ಒಂದು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹೊರಬಿದ್ದಾಗ ಎರಡೂ ಕಾಲು.

ಪಟಾನ್‌ಚೆರು ಮುಟ್ಟಿದಾಗ ಐದು ದಾಟಿತ್ತು. ಹೈದರಾಬಾದು ಬಂತಲ್ಲ ಅಂದೆ. ಮಗಳು ಫೋನು ತೋರಿಸಿದಳು. ನಾವು ಊರಿನ ಪಶ್ಚಿಮದ ತುದಿಯಲ್ಲಿದ್ದೆವು; ರಾಮೋಜಿ ಫಿಲಂ ಸಿಟಿ ಪೂರ್ವದ ತುದಿಯಾಚೆ, ವಿಜಯವಾಡ ಹೆದ್ದಾರಿಯಲ್ಲಿ. ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ ಅಂತ ವರ್ಷಾ ವರ್ಷಾ ಕಲಿಸುವವನು ನಾನು. ಹೈದರಾಬಾದನ್ನೂ ನಕ್ಷೆಯ ಮೇಲಿನ ಬಿಂದು ಅಂದುಕೊಂಡಿದ್ದೆ. ಊರ ಸುತ್ತಲಿನ ಹೊರವರ್ತುಲ ರಸ್ತೆಯೇ 158 ಕಿ.ಮೀ. ಅರ್ಧ ವೃತ್ತ ಸುತ್ತಬೇಕಿತ್ತು.

ಆಗಲೂ ಒಂದು ಅವಕಾಶವಿತ್ತು. ಆದರೆ ಟೋಲ್ ದುಡ್ಡು ಯಾಕೆ ಹಾಳು, ಪರಿಧಿಗಿಂತ ವ್ಯಾಸ ಚಿಕ್ಕದು ಅಂತ ಊರೊಳಗೆ ನುಗ್ಗಿಸಿದೆ. ರೇಖಾಗಣಿತ ಸರಿಯೇ ಇತ್ತು. ಕೂಕಟ್‌ಪಲ್ಲಿಯ ಸಿಗ್ನಲ್ಲುಗಳಿಗೆ ಅದು ಗೊತ್ತಿರಲಿಲ್ಲ. ಅಮೀರ್‌ಪೇಟ, ದಿಲ್‌ಸುಖ್‌ನಗರ, ಎಲ್.ಬಿ. ನಗರ... ಹಯಾತ್‌ನಗರ ದಾಟುವಾಗ ಎಂಟೂವರೆ. ಮಗಳು ಮಾತು ನಿಲ್ಲಿಸಿ ಬಹಳ ಹೊತ್ತಾಗಿತ್ತು.

ಗೇಟಿನಲ್ಲಿ ಚೀಲ ಬಿಚ್ಚಿಸಿದರು. ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ. ಟಿಕೆಟ್ ಜೊತೆ ಬಂದ ಸೂಚನೆಯಲ್ಲೇ ಇತ್ತು, ನಾನು ಓದಿರಲಿಲ್ಲ. ರೊಟ್ಟಿ ಗಂಟು ಅಲ್ಲೇ ಬಿಸಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅವಳೊಬ್ಬಳನ್ನೇ ಒಳಗೆ ಕಳಿಸಲು ಧೈರ್ಯವೂ ಬರಲಿಲ್ಲ. ಕಾರಿನವರೆಗೆ ಹೋಗಿ ಚೀಲ ಇಟ್ಟು ಬರುವ ಇಪ್ಪತ್ತು ನಿಮಿಷವೂ ಅವಳು ಬೇಲಿಯತ್ತ ತಿರುಗಿ ಆಚೆಯ ಹಾಡು ಕೇಳುತ್ತಾ ನಿಂತಿದ್ದಳು. ಒಳಗೆ ಹೋದಾಗ ಮೊದಲನೇ ಪೆಟ್ಟು ಬಿದ್ದು ಎಷ್ಟು ಹೊತ್ತಾಗಿತ್ತೋ. ಜನರ ತಲೆಗಳ ನಡುವೆ ಉಳಿದದ್ದನ್ನು ನೋಡಿದೆವು. ಚೆನ್ನಾಗಿತ್ತು ಅಂತ ನಾನೇ ಎರಡು ಸಲ ಅಂದೆ.

ವಾರದ ನಂತರ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಅವನು ಹಾಡಲು ನಿಂತದ್ದು, ಪೊಲೀಸರು ಮೈಕಿನ ವೈರು ಕಿತ್ತದ್ದು ಸುದ್ದಿಯಾಯಿತು. ಆ ವಿಡಿಯೋ ತೋರಿಸುತ್ತಾ ಮಗಳು ಅಂದಳು: ‘ಅದಕ್ಕೂ ನಾವು ಲೇಟೇ ಆಗ್ತಿದ್ವಿ ಪಪ್ಪಾ.’

ಈ ಕಡೆಯಿಂದ ರಾಮೋಜಿ ಫಿಲಂ ಸಿಟಿಗೆ ಹೋಗುವವರಿದ್ದರೆ ಮುತ್ತಂಗಿಯಲ್ಲಿ ಹೊರವರ್ತುಲ ರಸ್ತೆ ಹತ್ತಿ, ಪೆದ್ದ ಅಂಬರಪೇಟೆಯಲ್ಲಿ ಇಳಿಯಿರಿ. ಟೋಲ್ ಕೊಟ್ಟುಬಿಡಿ. ಅಕ್ಕನ ಮನೆಗೆ ಬರುವಾಗ ಹೋಗಿ.