ಕೋಗಿಲಬನದ ಚಳಿ, ಅಪ್ಪನ ಪೇಪರ್

ಡಿಸೆಂಬರ್ ಬಂತೆಂದರೆ ನಮ್ಮ ಆಫೀಸ್ ಗ್ರೂಪಿನಲ್ಲಿ ಒಂದೇ ಮಾತು: "ದಾಂಡೇಲಿಗೆ ಬೈಕ್ ರೈಡ್ ಹೋಗೋಣ್ವಾ?" ಅವರಿಗೆ ಅದು ಟ್ರಿಪ್, ನನಗೆ ಮನೆಯ ದಾರಿ. ದಾಂಡೇಲಿ ಹತ್ತಿರದ ಕೋಗಿಲಬನ ನಮ್ಮೂರು.

ಇಲ್ಲಿಯ ಚಳಿಗೆ ಅದರದೇ ಗತ್ತಿದೆ. ಬೆಳಗಿನ ಹೊತ್ತು ಕಾಳಿ ನದಿಯ ನೀರಿಗಿಂತ ಮೇಲಿನ ಗಾಳಿಯೇ ತಣ್ಣಗಿರುತ್ತೆ. ಹಾಗಾಗಿ ನದಿ ಹಂಡೆಯ ನೀರಿನಂತೆ ಹೊಗೆಯಾಡುತ್ತೆ. ಮುಂಡಗೋಡದ ಟಿಬೆಟನ್ನರು ಸ್ವೆಟರ್ ಮಾರೋಕೆ ಊರೂರಿಗೆ ಹೊರಡುವ ಕಾಲವೂ ಇದೇ.

ಕಳೆದ ಚಳಿಗಾಲ ಊರಿನಿಂದಲೇ ಕೆಲಸ ಮಾಡ್ತಿದ್ದೆ. ಒಂದು ಶನಿವಾರ ಬೆಳಗ್ಗೆ ಹಳಿಯಾಳ ದಾರಿಯಲ್ಲಿ ಧಾರವಾಡಕ್ಕೆ ಹೊರಟಾಗ ಅಪ್ಪ ಹಳೇ ದಿನಪತ್ರಿಕೆ ಮಡಚಿ ಕೊಟ್ಟರು. "ಎದಿಗೆ ಹಾಕ್ಕೋ. ಗಾಳಿ ಒಳಗ ಬರಂಗಿಲ್ಲ." ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡಿದವರು ಅವರು. ಮೈಸೂರಿನ ಯೆಜ್ಡಿ ಏರಿ ವರ್ಷಗಟ್ಟಲೆ ಬೆಳಗಿನ ಪಾಳಿಗೆ ಹೋದವರು. ನನ್ನ ಹತ್ತಿರ ನಾಲ್ಕು ಸಾವಿರದ ಗ್ಲೌಸ್ ಇದೆಯಲ್ಲ! ಪೇಪರ್ ಟೇಬಲ್ ಮೇಲೇ ಉಳೀತು.

ತೇಗ, ಬಿದಿರಿನ ನಡುವಿನ ರಸ್ತೆ. ವೈಸರ್ ಮುಚ್ಚಿದರೆ ಮಂಜು, ತೆರೆದರೆ ಕಣ್ಣೀರು. ಗಾಳಿಯಾಡಲೆಂದೇ ಹೊಲಿದ ಬೇಸಿಗೆ ಜಾಕೆಟ್ಟಿನೊಳಗೆ ಎದೆ ಹೆಪ್ಪುಗಟ್ಟಿತ್ತು. ಒಂದು ತಿರುವು ದಾಟಿದ್ದೇ ತಡ, ರಸ್ತೆ ತುಂಬಾ ಎಮ್ಮೆಗಳು. ತಲೆ 'ಬ್ರೇಕ್' ಅಂತು, ಬೆರಳು ಕೇಳಲಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗ ಅಂದ್ರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಆ ಒಂದು ಸೆಕೆಂಡು ಹಾಗೇ ಹೋಯ್ತು. ಹಿಂದಿನ ಬ್ರೇಕ್ ತುಳಿದು, ಅಡ್ಡಡ್ಡ ಜಾರಿ, ಕೊನೆಯ ಎಮ್ಮೆಯ ಬಾಲಕ್ಕೆ ಒಂದು ಮೊಳ ದೂರದಲ್ಲಿ ನಿಂತೆ.

ಎಮ್ಮೆ ಕಾಯುವ ಗೌಳಿ ಅಜ್ಜ ಬೈಯಲಿಲ್ಲ. ರಸ್ತೆ ಪಕ್ಕದ ಬೆಂಕಿ ತೋರಿಸಿ "ಕೈ ಕಾಸ್ಕೋರಿ" ಅಂದ, ಅಷ್ಟೇ.

ಮೈ ತಣ್ಣಗಾದಾಗ ದೇಹ ಮೊದಲು ಹೃದಯದಂಥ ಒಳ ಅಂಗಗಳನ್ನು ಕಾಯುತ್ತೆ, ಬೆರಳಿಗೆ ಹೋಗುವ ರಕ್ತ ಕಡಿಮೆ ಮಾಡುತ್ತೆ. ಎದೆ ಬೆಚ್ಚಗಿಲ್ಲದಿದ್ದರೆ ಗ್ಲೌಸ್ ಎಷ್ಟು ದುಬಾರಿಯಾದರೂ ಅರ್ಧ ಕೆಲಸ ಮಾತ್ರ. ಕಾಗದ ಗಾಳಿ ತಡೆಯುತ್ತೆ, ಮಡಿಕೆಗಳ ನಡುವೆ ಬಿಸಿ ಹಿಡಿದಿಡುತ್ತೆ. ಇದನ್ನೆಲ್ಲ ಆಮೇಲೆ ಓದಿ ತಿಳಿದುಕೊಂಡೆ. ಅಪ್ಪ ಓದಿರಲಿಲ್ಲ, ಗೊತ್ತಿತ್ತು.

ಧಾರವಾಡದಲ್ಲಿ ಪೇಪರ್ ಕೊಂಡು ಎದೆಗೆ ಸೇರಿಸಿ, 40ರ ವೇಗದಲ್ಲಿ, ಹಳಿಯಾಳದಲ್ಲಿ ಚಹಾಕ್ಕೆ ನಿಂತು ವಾಪಸ್ ಬಂದೆ. ಜಿಪ್ ತೆಗೆದಾಗ ಸುದ್ದಿಯ ಮಸಿ ಅಂಗಿಗೆ ಹತ್ತಿತ್ತು. ಅಪ್ಪ ನೋಡಿ ನಕ್ಕರು. "ನಾ ಹೋಗೂವಾಗ ಎದಿಗೆ ಹಾಕ್ಕೊಂಡು, ಊಟದ ಹೊತ್ತಿಗೆ ಅದನ್ನ ಓದ್ತಿದ್ದೆ."

ನೀವೂ ಈ ಚಳಿಗೆ ನಮ್ಮ ಕಡೆ ಬರೋದಾದ್ರೆ ಬಿಸಿಲು ಏರಿದ ಮೇಲೇ ಹೊರಡಿ. ಬೆರಳು ಮರಗಟ್ಟಿದ್ರೆ ನಿಲ್ಲಿಸಿ, ಎಂಜಿನ್ ಹತ್ತಿರ ಕೈ ಕಾಯಿಸಿಕೊಳ್ಳಿ. ಜಾಕೆಟ್ಟಿನೊಳಗೊಂದು ಪೇಪರ್ ಇರಲಿ.

ಎಮ್ಮೆ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಅಪ್ಪ ಇದನ್ನು ಓದಿದರೆ ಗೊತ್ತಾಗುತ್ತೆ.