ಒಂದು ಪದ ಬಿಟ್ಟಿದ್ದಕ್ಕೆ

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ದಾರಿ ಕೇಳಿದರೆ ‘ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ’ ಎನ್ನುವವರು ಕಡಿಮೆ. ‘ಎರಡು ಬ್ಲಾಕ್ ಅಪ್‌ಟೌನ್, ಆಮೇಲೆ ಒಂದು ಬ್ಲಾಕ್ ವೆಸ್ಟ್’ ಎನ್ನುತ್ತಾರೆ. ಅಪ್‌ಟೌನ್ ಎಂದರೆ ಬೀದಿಯ ಸಂಖ್ಯೆ ಏರುವ ಕಡೆ, ಡೌನ್‌ಟೌನ್ ಎಂದರೆ ಇಳಿಯುವ ಕಡೆ. ಏರು, ಇಳಿಜಾರಿಗೂ ಅದಕ್ಕೂ ಸಂಬಂಧವಿಲ್ಲ. 1811ರಲ್ಲೇ ಚೌಕುಳಿಯಾಗಿ ಗೆರೆ ಎಳೆದು 155ನೇ ಬೀದಿಯವರೆಗೆ ನಕ್ಷೆ ಮಾಡಿಟ್ಟರು. ಉದ್ದಕ್ಕೆ ಹೋಗುವುದು ಅವೆನ್ಯೂ, ಅಡ್ಡಕ್ಕೆ ಹೋಗುವುದು ಸ್ಟ್ರೀಟ್; ನಮ್ಮ ಜಯನಗರದ ಮೇನು, ಕ್ರಾಸುಗಳ ಹಾಗೆ. ಇಪ್ಪತ್ತು ಸ್ಟ್ರೀಟ್ ದಾಟಿದರೆ ಸುಮಾರು ಒಂದು ಮೈಲಿ. ಲೆಕ್ಕದವನಾದ ನನಗೆ ಇದು ಬಹಳ ಹಿಡಿಸಿತು. ಹಿಡಿಸಿದ್ದೇ ಕಷ್ಟಕ್ಕೆ ಬಂತು.

ಮಗಳ ಮನೆಗೆ ಹೋಗಿ ಮೂರು ವಾರವಾಗಿತ್ತು. ನವೆಂಬರ್ ತಿಂಗಳು. ಮೊಮ್ಮಗಳನ್ನು ನೃತ್ಯದ ತರಗತಿಯಿಂದ ಕರೆತರುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು. ವಿಳಾಸ ‘ವೆಸ್ಟ್ 68ನೇ ಸ್ಟ್ರೀಟ್’. ನಾನು ಚೀಟಿಯಲ್ಲಿ ಮನೆ ನಂಬರು ಬರೆದು, ಮುಂದೆ ‘68ನೇ ಸ್ಟ್ರೀಟ್’ ಎಂದಷ್ಟೇ ಗೀಚಿಕೊಂಡೆ. ಚೆಕ್ಕಿನ ಮೇಲೆ ಒಂದಕ್ಷರ ತಪ್ಪಿದ್ದರೂ ಮುಲಾಜಿಲ್ಲದೆ ಹಿಂದಿರುಗಿಸುತ್ತಿದ್ದ ಮನುಷ್ಯ ನಾನು!

ಅಲ್ಲಿ ಐದನೇ ಅವೆನ್ಯೂ ಊರನ್ನು ಈಸ್ಟ್, ವೆಸ್ಟ್ ಎಂದು ಸೀಳುತ್ತದೆ. ಒಂದೇ ನಂಬರು ಎರಡೂ ಕಡೆ ಇರಬಹುದು. ಸಾಲದ್ದಕ್ಕೆ 59ರಿಂದ 110ನೇ ಬೀದಿಯವರೆಗೆ ನಡುವೆ ಸೆಂಟ್ರಲ್ ಪಾರ್ಕ್ ಕೂತಿದೆ. ಅಗಲವೇ ಅರ್ಧ ಮೈಲಿ. ಮೂರೂಕಾಲಿಗೆ ನಾನು ಈಸ್ಟ್ 68ರಲ್ಲಿ ಯಾರದೋ ಮನೆಯ ಮುಂದೆ ನಿಂತಿದ್ದೆ. ತರಗತಿ ಬಿಡುವುದು ಮೂರೂವರೆಗೆ. ಫೋನು ಮನೆಯಲ್ಲಿ ಚಾರ್ಜಿಗಿತ್ತು.

ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ಚೀಟಿ ನೋಡಿ, ‘ಇದು ವೆಸ್ಟ್ ಇರಬೇಕು. ಪಾರ್ಕಿನಲ್ಲಿ ವೆಸ್ಟಿಗೆ ನಡೆಯಿರಿ’ ಎಂದರು. ಎಡಕ್ಕೋ ಬಲಕ್ಕೋ ಎಂದೆ. ‘ವೆಸ್ಟ್’ ಎಂದು ಇನ್ನೊಮ್ಮೆ ಹೇಳಿ ಹೊರಟೇಬಿಟ್ಟರು.

ಪಾರ್ಕಿನೊಳಗೆ ಹಾದಿಗಳು ಹಾವಿನ ಹಾಗೆ. ಪಶ್ಚಿಮ ತಾನೇ, ಸಂಜೆ ಸೂರ್ಯನಿರುವ ಕಡೆ ಎಂದುಕೊಂಡು ಅವನಿಗೆ ಮುಖಕೊಟ್ಟು ಬಿರಬಿರನೆ ನಡೆದೆ. ಹೊರಬಂದು ಫಲಕ ನೋಡಿದರೆ 59ನೇ ಸ್ಟ್ರೀಟ್!

ಏಕೆ ಗೊತ್ತೇ ಮಕ್ಕಳೇ? ಆ ದ್ವೀಪವೇ ಓರೆ. ಅವರ ಉತ್ತರ ನಿಜವಾದ ಉತ್ತರದಿಂದ ಸುಮಾರು 29 ಡಿಗ್ರಿ ಪೂರ್ವಕ್ಕೆ ವಾಲಿದೆ. ಹಾಗಾಗಿ ಅವರ ವೆಸ್ಟ್ ನಮ್ಮ ವಾಯವ್ಯ. ನವೆಂಬರಿನ ಸೂರ್ಯನೋ ಅಲ್ಲಿ ನೈಋತ್ಯಕ್ಕೆ ಇಳಿಯುತ್ತಾನೆ. ಅವನನ್ನು ನಂಬಿ ನಾನು ಹೋದದ್ದು ಹೆಚ್ಚುಕಡಿಮೆ ಡೌನ್‌ಟೌನಿಗೆ.

ಮತ್ತೆ ಒಂಬತ್ತು ಬೀದಿ ಮೇಲಕ್ಕೆ. ಮಂಡಿ ಕೇಳುತ್ತಿರಲಿಲ್ಲ, ಬೆಳಕು ಬಾಡುತ್ತಿತ್ತು. ನಾಲ್ಕೂಕಾಲಿಗೆ ತಲುಪಿದಾಗ ಟೀಚರು ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು; ಮಗು ತನ್ನ ಚೀಲದ ಮೇಲೆ ಕೂತಿತ್ತು. ನಾನು ಟೀಚರಿಗೆ ಕೈಮುಗಿದೆ, ಬಾಯಿಂದ ಮಾತು ಹೊರಡಲಿಲ್ಲ.

‘ತಾತ, ಈಸ್ಟಿಗೆ ಹೋಗಿದ್ರಾ?’ ಎಂದಳು, ಅಷ್ಟೇ.

ದಾರಿಯಲ್ಲಿ ಅವಳದೇ ಪಾಠ. ಸೂರ್ಯನನ್ನಲ್ಲ, ಕಾರುಗಳನ್ನು ನೋಡಬೇಕಂತೆ: ಸಾಮಾನ್ಯವಾಗಿ ಸಮಸಂಖ್ಯೆಯ ಬೀದಿಯಲ್ಲಿ ಅವು ಈಸ್ಟಿಗೆ, ಬೆಸಸಂಖ್ಯೆಯದರಲ್ಲಿ ವೆಸ್ಟಿಗೆ ಓಡುತ್ತವೆ; 42ನೆಯದರಂಥ ದೊಡ್ಡ ಬೀದಿಗಳಲ್ಲಿ ಮಾತ್ರ ಎರಡೂ ಕಡೆಗೆ. ಮನೆ ಮುಟ್ಟುವವರೆಗೂ ಪ್ರತಿ ತಿರುವಿನಲ್ಲಿ ನನ್ನನ್ನು ನಿಲ್ಲಿಸಿ, ‘ಈಗ ಹೇಳಿ, ಯಾವ ಕಡೆ?’ ಎಂದು ಪರೀಕ್ಷೆ ಮಾಡಿದಳು. ಎರಡು ಉತ್ತರ ತಪ್ಪಾದವು.